ಸೈಟು ಹಂಚುವ ಸಂಘಗಳು, ಮನೆ ಕಾಣದ ದುಡಿಯುವವರು

ಮೈಸೂರಿನಲ್ಲಿ ಯಾರಿಗೆ ಮನೆಯಾಯಿತು, ಯಾರಿಗೆ ಆಗಲಿಲ್ಲ ಎಂಬುದನ್ನು ತಿಳಿಯಲು ಯಾವ ಸರ್ವೆಯೂ ಬೇಡ. ಬಡಾವಣೆಗಳ ಹೆಸರು ಓದಿಕೊಂಡು ಹೋದರೆ ಸಾಕು. ಬೋಗಾದಿ ಕಡೆ ಬ್ಯಾಂಕ್ ಕಾಲೋನಿ, ಸಿ.ಎಫ್.ಟಿ.ಆರ್.ಐ. ಲೇಔಟ್. ಶ್ರೀರಾಂಪುರದ ಕಡೆ ಬೆಮೆಲ್ ಲೇಔಟ್, ಎಸ್.ಬಿ.ಎಂ. ಲೇಔಟ್. ಆಲನಹಳ್ಳಿ ಕಡೆಗೆ ಪೊಲೀಸ್ ಲೇಔಟ್, ಟೀಚರ್ಸ್ ಲೇಔಟ್. ಸಂಜೆ ಹೊತ್ತು ನಗರ ಬಸ್ ನಿಲ್ದಾಣದಲ್ಲಿ ನೂಕುನುಗ್ಗಲಿನಲ್ಲಿ ನಿಲ್ಲುವ ಪ್ರಯಾಣಿಕರಿಗೆ ಈ ಹೆಸರುಗಳೆಲ್ಲ ಬಾಯಿಪಾಠ. ಆದರೆ ದಿನಸಿ ಅಂಗಡಿ ಗುಮಾಸ್ತರ ಲೇಔಟ್? ಊದುಬತ್ತಿ ಹೊಸೆಯುವ ಹೆಂಗಸರ ಲೇಔಟ್? ದೇವರಾಜ ಮಾರುಕಟ್ಟೆಯ ಕೂಲಿಗಳ ಲೇಔಟ್? ಕೆಸರೆ ಕಡೆಯ ಬೀಡಿ ಕಾಲೋನಿಯಂಥ ಒಂದೆರಡನ್ನು ಬಿಟ್ಟರೆ ಹುಡುಕಿದರೂ ಸಿಗುವುದು ಕಷ್ಟ.

ಬ್ಯಾಂಕಿನವರಿಗೂ ಕಾರ್ಖಾನೆಯವರಿಗೂ ಮೇಷ್ಟ್ರುಗಳಿಗೂ ಸೈಟು ಸಿಕ್ಕಿದ್ದು ಅವರೇನೂ ಸಾಹುಕಾರರು ಎಂದಲ್ಲ. ಅವರಿಗೊಂದು ಸಂಘ ಇತ್ತು, ಅಷ್ಟೆ. ನೂರಾರು ಜನ ಒಂದೇ ಕಡೆ ಕೆಲಸ ಮಾಡುತ್ತಿದ್ದರು, ಒಂದೇ ದಿನ ಸಂಬಳ ಎಣಿಸುತ್ತಿದ್ದರು, ಕಂತು ಸಂಬಳದಲ್ಲೇ ಮುರಿದುಕೊಳ್ಳುತ್ತಿತ್ತು. ಹತ್ತು ಹದಿನೈದು ವರ್ಷ ಹನಿಹನಿಯಾಗಿ ಕೂಡಿದ ಹಣದಲ್ಲಿ ಸಂಘ ಜಮೀನು ಕೊಂಡಿತು, ಲೇಔಟು ಮಾಡಿತು, ಕೊಂಡ ಬೆಲೆಗೆ ಖರ್ಚು ಸೇರಿಸಿ ಸದಸ್ಯರಿಗೆ ಹಂಚಿತು. ಮಧ್ಯೆ ಲಾಭ ತಿನ್ನುವವನು ಇರಬಾರದು ಎಂಬುದೇ ಇದರ ಸೂತ್ರ. ಗೃಹ ನಿರ್ಮಾಣ ಸಹಕಾರ ಸಂಘ ಅನ್ನೋದು ವ್ಯಾಪಾರದ ಕಂಪನಿಯಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಯಾದ, ಸದಸ್ಯರೇ ಮಾಲೀಕರಾದ, ಲಾಭಕ್ಕಾಗಿ ಕೂರದ ಸಂಸ್ಥೆ ಅದು. ಬಡವನಿಗೆ ತನ್ನ ಶಕ್ತಿಗೆ ಎಟುಕುವ ಬೆಲೆಗೆ ಸೂರು ಸಿಗುವ ದಾರಿಗಳಲ್ಲಿ ಇದಕ್ಕಿಂತ ಸರಳವಾದದ್ದು ಈ ನಾಡಿನಲ್ಲಿ ಇನ್ನೊಂದು ಹುಟ್ಟಿಲ್ಲ.

ಈ ನಾಡಿಗೆ ಇದು ಹೊಸದೂ ಅಲ್ಲ. ಗದಗದ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದ ನಾಲ್ಕು ವರ್ಷಕ್ಕೆ, 1909ರಲ್ಲಿ, ಬೆಂಗಳೂರಿನಲ್ಲಿ ಮನೆ ಕಟ್ಟಲೆಂದೇ ಒಂದು ಸಹಕಾರ ಸಂಘ ಹುಟ್ಟಿತು. ದೇಶದಲ್ಲೇ ಮೊದಲನೆಯದು ಎಂದು ಅದಕ್ಕೆ ಹೆಸರು. ಇನ್ನು ಮೈಸೂರಿನ ಕಥೆ ಅದಕ್ಕೂ ಹಿಂದಿನದು. 1898ರ ಪ್ಲೇಗಿನಲ್ಲಿ ಕೋಟೆಯೊಳಗಿನ ಇಕ್ಕಟ್ಟು ಕೇರಿಗಳು ಖಾಲಿಯಾದ ಮೇಲೆ ಅರಮನೆಗೆ ಬುದ್ಧಿ ಬಂತು. 1903ರಲ್ಲಿ ಊರು ಸುಧಾರಣೆಗೆಂದು ಟ್ರಸ್ಟ್ ಬೋರ್ಡು ಬಂತು. ಚಾಮರಾಜಪುರ, ಲಕ್ಷ್ಮೀಪುರ, ದಿವಾನ್ ಕೃಷ್ಣಮೂರ್ತಿಯವರ ಹೆಸರಿನ ಕೃಷ್ಣಮೂರ್ತಿಪುರ, ಹೀಗೆ ಬಡಾವಣೆಗಳು ಎದ್ದವು. ಗಾಳಿ ಬೆಳಕು ಬರುವ ಮನೆ ಪ್ರಜೆಗೆ ಸಿಗಬೇಕು, ಅದನ್ನು ಆಡಳಿತ ನೋಡಿಕೊಳ್ಳಬೇಕು ಎಂದು ಒಪ್ಪಿಕೊಂಡ ಊರಿದು. ಆ ಟ್ರಸ್ಟ್ ಬೋರ್ಡಿನ ಜಾಗಕ್ಕೆ 1988ರಲ್ಲಿ ಮುಡಾ ಬಂತು. ಮುಡಾ ಸುದ್ದಿ ಹೊಸದಾಗಿ ಹೇಳಬೇಕಾಗಿಲ್ಲ. 2024ರಲ್ಲಿ 50:50 ಬದಲಿ ನಿವೇಶನಗಳ ಗಲಾಟೆ ಎದ್ದು, ನಿವೃತ್ತ ನ್ಯಾಯಮೂರ್ತಿ ಪಿ.ಎನ್. ದೇಸಾಯಿ ಅವರ ವಿಚಾರಣಾ ಆಯೋಗದವರೆಗೆ ಹೋಯಿತು. ಅದೇ ವರ್ಷದ ಕೊನೆಗೆ ಮುಡಾ ಬದಲು ಮೈಸೂರು ಅಭಿವೃದ್ಧಿ ಪ್ರಾಧಿಕಾರ ರಚಿಸುವ ಮಸೂದೆಗೆ ಶಾಸನಸಭೆ ಒಪ್ಪಿಗೆ ಕೊಟ್ಟಿತು. ಬೋರ್ಡು ಬದಲಾದರೆ ಸೈಟು ಸಿಗುತ್ತದೋ ಎಂದು ಅರ್ಜಿ ಹಾಕಿ ತಲೆ ನರೆತವರು ಕೇಳಬಹುದು. ಅದು ಬೇರೆ ದಿನದ ಮಾತು.

ಈ ದಿನದ ಮಾತು ಸಂಘಗಳದ್ದು. ಊರೂರಿಗೆ ಇಂಥ ಸಂಘಗಳು ಹುಟ್ಟಿದವು, ನಿಜ. ಆದರೆ 'ಗೃಹ ನಿರ್ಮಾಣ' ಎಂದು ಬೋರ್ಡು ಹಾಕಿಕೊಂಡ ಸಂಘಗಳಲ್ಲಿ ಗೃಹವನ್ನು ನಿರ್ಮಿಸಿದವು ಎಷ್ಟು? ಬಹುಪಾಲು ಸಂಘಗಳು ಸೈಟು ಹಂಚಿ ಕೈ ತೊಳೆದುಕೊಂಡವು. ಮನೆ ಕಟ್ಟುವ ಪಾಡು ಸದಸ್ಯನ ಪಾಲಿಗೆ. ಕಟ್ಟುವ ಶಕ್ತಿ ಇದ್ದವನು ಕಟ್ಟಿದ, ಇಲ್ಲದವನು ಮಾರಿದ. ಕೊಂಡವನು ಯಾರು? ಊರಲ್ಲಿ ಆಗಲೇ ಎರಡು ಮನೆ ಇದ್ದವನು. ಹೀಗಾಗಿ ಇಪ್ಪತ್ತು ವರ್ಷ ಹಳೆಯ ಲೇಔಟುಗಳಲ್ಲೂ ಸೀಮೆ ಜಾಲಿ ಬೆಳೆದ ಸೈಟುಗಳು ಸಾಲಾಗಿ ಕಾಣಸಿಗುತ್ತವೆ. ಹಾವು ಚೇಳುಗಳಿಗೆ ಅಲ್ಲಿ ಯಾವ ಕಂತೂ ಇಲ್ಲದೆ ಮನೆಯಾಗಿದೆ.

ಇದಕ್ಕಿಂತ ಕೆಟ್ಟದ್ದು ಬೆಂಗಳೂರಿನಲ್ಲಿ ನಡೆದು ಕೋರ್ಟು ಹತ್ತಿತು. ಸರ್ಕಾರದ ಕೈಯಲ್ಲಿ ರೈತರ ಜಮೀನು ವಶಪಡಿಸಿಕೊಂಡು ಸಂಘಗಳಿಗೆ ಕೊಡಿಸುವ ಪದ್ಧತಿ ಆಗ ಜೋರಾಗಿತ್ತು. ಸಂಘಕ್ಕೂ ಸರ್ಕಾರಕ್ಕೂ ನಡುವೆ ಮಧ್ಯವರ್ತಿಗಳು ನುಸುಳಿದರು. ಇಷ್ಟು ಎಕರೆಗೆ ಇಷ್ಟು ಹಣ ಕೊಡಿ, ನೋಟಿಫಿಕೇಷನ್ ಮಾಡಿಸಿಕೊಡುವುದು ತಮ್ಮ ಜವಾಬ್ದಾರಿ ಎಂದು ಕರಾರು ಬರೆದುಕೊಂಡರು. ಬೆಂಗಳೂರಿನ ಸಂಘಗಳ ಅವ್ಯವಹಾರಗಳನ್ನು ಜಿ.ವಿ.ಕೆ. ರಾವ್ ಸಮಿತಿ ಪಟ್ಟಿ ಮಾಡಿತು. ಕೊನೆಗೆ 1995ರಲ್ಲಿ ಎಚ್.ಎಂ.ಟಿ. ನೌಕರರ ಗೃಹ ನಿರ್ಮಾಣ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಂಥ ಭೂಸ್ವಾಧೀನ ಊರ್ಜಿತವಲ್ಲ ಎಂದು ತೀರ್ಪು ಕೊಟ್ಟಿತು. ರೈತನಿಗೂ ನೆಮ್ಮದಿ ಇಲ್ಲ, ಹಣ ಕಟ್ಟಿ ಕಾದಿದ್ದ ಸದಸ್ಯನಿಗೂ ಸೈಟಿಲ್ಲ. ಈ ಜಗಳದಲ್ಲಿ ಉಂಡವನು ಮಧ್ಯವರ್ತಿ ಮಾತ್ರ. ಸಂಘ ಎಂಬ ಮಾತು ಕೇಳಿದರೇ ಸಣ್ಣ ಜನ ಜೇಬು ಮುಟ್ಟಿ ನೋಡಿಕೊಳ್ಳುವ ಹಾಗಾದದ್ದು ಇಂಥ ಕಾರಣಗಳಿಂದಲೇ.

ಸಂಘದ ಮೇಲೆ ನಂಬಿಕೆ ಹೋದವನು ಎಲ್ಲಿ ಹೋಗುತ್ತಾನೆ? ರೆವಿನ್ಯೂ ಸೈಟಿಗೆ. ರಿಂಗ್ ರೋಡಿನಾಚೆ ಹೊಲದಲ್ಲಿ ನಾಲ್ಕು ಕಲ್ಲು ನೆಟ್ಟು, ಸುಣ್ಣ ಬಳಿದು, "ಬನ್ನಿ ಸ್ವಾಮಿ, ಚದರಡಿ ಲೆಕ್ಕದಲ್ಲಿ ಅಗ್ಗ, ರಸ್ತೆ ನಾಳೆ ಬರ್ತದೆ, ಕಾವೇರಿ ನೀರು ನಾಡಿದ್ದು ಬರ್ತದೆ" ಎಂದು ಮಾರುವವರಿಗೆ ಈ ಊರಲ್ಲಿ ಬರ ಇಲ್ಲ. ಜಿ.ಪಿ.ಎ. ಕಾಗದದ ಮೇಲೆ ಕೊಂಡ ಸೈಟಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಪ್ಲಾನು ಮಂಜೂರಾಗುವುದಿಲ್ಲ. ಮಗಳ ಮದುವೆಗೆ ಮಾರೋಣ ಎಂದರೆ 2024ರಿಂದ ಇ-ಖಾತಾ ಇಲ್ಲದೆ ನೋಂದಣಿಯೂ ಆಗುವುದಿಲ್ಲ. 2025ರಲ್ಲಿ ಸರ್ಕಾರ ನಗರಗಳಲ್ಲಿ ಬಿ-ಖಾತಾ ಆಂದೋಲನ ನಡೆಸಿದಾಗ ಪಾಲಿಕೆ ಕಚೇರಿಗಳ ಮುಂದೆ ನಿಂತವರು ಇವರೇ. ಅಗ್ಗ ಎಂದು ಕೊಂಡದ್ದು ಎಷ್ಟು ದುಬಾರಿ ಎಂದು ತಿಳಿಯುವ ಹೊತ್ತಿಗೆ ಮಾರಿದವನು ಇನ್ನೊಂದು ಹೊಲದಲ್ಲಿ ಕಲ್ಲು ನೆಡುತ್ತಿರುತ್ತಾನೆ.

ಈಗ ಮಂಡಿ ಮೊಹಲ್ಲಾದ ಒಂದು ಸಗಟು ಅಂಗಡಿಯ ಗುಮಾಸ್ತನನ್ನೇ ತೆಗೆದುಕೊಳ್ಳಿ. ತಿಂಗಳಿಗೆ 15,000 ರೂ. ಬರುತ್ತದೆ ಎನ್ನೋಣ. ಹೆಂಡತಿ ಮನೆಯಲ್ಲೇ ಕೂತು ಹೊಲಿಗೆಯೋ ಊದುಬತ್ತಿಯೋ ಮಾಡಿ ನಾಲ್ಕೈದು ಸಾವಿರ ಸೇರಿಸುತ್ತಾಳೆ. ವಠಾರದ ಮನೆಗೆ 5,000 ರೂ. ಬಾಡಿಗೆ. ಹನ್ನೊಂದು ತಿಂಗಳಿಗೊಮ್ಮೆ ಅಗ್ರಿಮೆಂಟು, ಪ್ರತಿ ಸಲ ಏರಿಕೆ. ಬಾಡಿಗೆ ತಪ್ಪಲಿ ಎಂದು ಭೋಗ್ಯಕ್ಕೆ ಹೋಗೋಣ ಎಂದರೆ ಲಕ್ಷಗಳ ಗಂಟು ಒಂದೇ ಸಲ ಬೇಕು. ಈ ಗುಮಾಸ್ತನಿಗೆ ಸರ್ಕಾರದ ಸಹಾಯಧನವೆಲ್ಲ ಕಳೆದು ನಾಲ್ಕೂವರೆ ಲಕ್ಷ ತಾನು ಕಟ್ಟಬೇಕಾದ ಒಂದು ಸಣ್ಣ ಮನೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಶೇ. 9ರ ಬಡ್ಡಿ, 20 ವರ್ಷದ ಅವಧಿ ಎಂದು ಹಿಡಿದರೆ ತಿಂಗಳ ಕಂತು 4,050 ರೂಪಾಯಿಯ ಆಸುಪಾಸು. ಈಗ ಕಟ್ಟುವ ಬಾಡಿಗೆಗಿಂತ ಕಡಿಮೆ! ಅಂದರೆ ಈತನಿಗೆ ಮನೆ ಕೊಳ್ಳುವ ಶಕ್ತಿ ಇದೆ. ಇಲ್ಲದಿರುವುದು ಸಂಬಳದ ಚೀಟಿ. ಧಣಿಗಳು ಶನಿವಾರ ಗಲ್ಲಾದಿಂದ ಎಣಿಸಿ ಕೊಡುವ ಹಣಕ್ಕೆ ಬ್ಯಾಂಕಿನ ಮ್ಯಾನೇಜರು ಬೆಲೆ ಕೊಡುವುದಿಲ್ಲ. ಇಪ್ಪತ್ತು ವರ್ಷ ಒಂದು ತಿಂಗಳೂ ತಪ್ಪದೆ ಬಾಡಿಗೆ ಕಟ್ಟಿದವನನ್ನು 'ಸಾಲ ತೀರಿಸುವ ಶಕ್ತಿ ಇಲ್ಲದವನು' ಎಂದು ವಾಪಸು ಕಳಿಸುವ ಜಾಣತನ ಬ್ಯಾಂಕುಗಳಿಗೇ ಮೀಸಲು.

ಸರ್ಕಾರದ ಯೋಜನೆಗಳಿಗೇನೂ ಕೊರತೆಯಿಲ್ಲ. ದೇವರಾಜ ಅರಸರ ಕಾಲದ ಜನತಾ ಮನೆ, 1990ರ ದಶಕದ ಆಶ್ರಯ, 2015ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆ, 2024ರಲ್ಲಿ ಅದರ ಎರಡನೇ ಕಂತು. ಆದರೆ ಸಣ್ಣಕ್ಷರದಲ್ಲಿ ಏನಿದೆ ನೋಡಬೇಕು. ಸ್ವಂತ ಮನೆ ಕಟ್ಟಿಕೊಳ್ಳುವವನಿಗೆ ಸಹಾಯಧನ ಎನ್ನುತ್ತಾರೆ, ಅದಕ್ಕೆ ಸ್ವಂತ ಸೈಟು ಮೊದಲೇ ಇರಬೇಕು. ಬಡ್ಡಿಯಲ್ಲಿ ರಿಯಾಯಿತಿ ಎನ್ನುತ್ತಾರೆ, ಅದಕ್ಕೆ ಬ್ಯಾಂಕು ಮೊದಲು ಸಾಲ ಕೊಡಬೇಕು. ಸೈಟಿಲ್ಲದ, ಸಾಲ ಹುಟ್ಟದ ಗುಮಾಸ್ತ ಎರಡೂ ಬಾಗಿಲ ಹೊರಗೆ. ಕೊಳಚೆ ಪ್ರದೇಶಗಳ ಮಂಡಳಿ ಕಟ್ಟಿಸುವ ಮನೆಗಳಲ್ಲೂ ಫಲಾನುಭವಿಯ ವಂತಿಗೆಯೇ ಗಂಟಲಿಗೆ ಸಿಕ್ಕಿದ ಮುಳ್ಳಾಗಿತ್ತು. ನಾಲ್ಕು ಲಕ್ಷದ ಮೇಲೆ ಕಟ್ಟಲಾರದೆ ಜನ ಹಿಂದೆ ಸರಿದರು, ಹಣ ಬರಲಿಲ್ಲವೆಂದು ಕಟ್ಟಡ ನಿಂತಿತು. 2023ರ ಕೊನೆಗೆ ರಾಜ್ಯ ಸಂಪುಟ, ಬಡವ 1 ಲಕ್ಷ ಕಟ್ಟಿದರೆ ಸಾಕು, ಉಳಿದ ವಂತಿಗೆ ಸರ್ಕಾರದ್ದು ಎಂದು ತೀರ್ಮಾನಿಸಿದ ಮೇಲೆಯೇ ಅವುಗಳಿಗೆ ಜೀವ ಬಂತು. ಒಳ್ಳೆಯ ತೀರ್ಮಾನ, ಅನುಮಾನವಿಲ್ಲ. ಆದರೆ ಮಂಡಿ ಮೊಹಲ್ಲಾದ ಗುಮಾಸ್ತ ಕೊಳಗೇರಿಯ ಪಟ್ಟಿಯಲ್ಲೂ ಇಲ್ಲ, ಬ್ಯಾಂಕಿನ ಪಟ್ಟಿಯಲ್ಲೂ ಇಲ್ಲ.

ಇಂಥವನಿಗೆ ಸಂಘ ಬಿಟ್ಟರೆ ಗತಿಯಿಲ್ಲ. ಆಗುತ್ತದಾ ಎಂದು ಮೂಗು ಮುರಿಯುವವರು ಒಮ್ಮೆ ಸೊಲ್ಲಾಪುರದ ಕಡೆ ನೋಡಬೇಕು.

ಸೊಲ್ಲಾಪುರ ಎಂದರೆ ದೂರದ ಊರೇನಲ್ಲ. ಸಿದ್ಧರಾಮ ಶಿವಯೋಗಿಗಳ ಸೊನ್ನಲಿಗೆ, ವಿಜಾಪುರ ದಾಟಿದರೆ ಸಿಗುವ ಊರು. ಕನ್ನಡ, ಮರಾಠಿ, ತೆಲುಗು ಮೂರೂ ಮಾತು ಒಂದೇ ಬೀದಿಯಲ್ಲಿ ಕೇಳುತ್ತದೆ. ಮೈಸೂರಿನ ಹಾಗೆಯೇ ಅಲ್ಲೂ ಬೀಡಿ ಕಟ್ಟುವ ಹೆಂಗಸರು ಸಾವಿರಾರು. ದಿನಕ್ಕೆ ಸಾವಿರ ಬೀಡಿ ಕಟ್ಟಿದರೆ ಇಷ್ಟು ಎಂದು ಕೂಲಿ. ಅವರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಆ ಹೆಂಗಸರು ಕಾರ್ಮಿಕ ನಾಯಕ ನರಸಯ್ಯ ಆಡಂ ಅವರ ಮುಂದಾಳತ್ವದಲ್ಲಿ ಗೋದಾವರಿ ಪರುಳೇಕರ್ ಹೆಸರಿನಲ್ಲಿ ಒಂದು ಗೃಹ ನಿರ್ಮಾಣ ಸಹಕಾರ ಸಂಘ ಮಾಡಿಕೊಂಡರು. ಊರ ಹೊರಗೆ ಕುಂಭಾರಿಯಲ್ಲಿ ಜಮೀನು. ಮನೆಯೊಂದಕ್ಕೆ 60,000 ರೂ. ಲೆಕ್ಕ. ಕೇಂದ್ರದಿಂದ 20,000, ಮಹಾರಾಷ್ಟ್ರ ಸರ್ಕಾರದಿಂದ 20,000, ಬೀಡಿ ಕಟ್ಟುವ ಹೆಂಗಸಿನ ಕೈಯಿಂದ 20,000. ವರ್ಷಗಟ್ಟಲೆ ಮೆರವಣಿಗೆ, ಧರಣಿ, ದೆಹಲಿಗೆ ಓಡಾಟ ನಡೆದೇ ಆ ಎರಡು 20,000ಗಳು ಬಂದವು, ಯಾರೂ ಕರೆದು ಕೊಡಲಿಲ್ಲ. 2006ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಮನಮೋಹನ ಸಿಂಗ್ ಬಂದು ಮನೆಗಳನ್ನು ಒಪ್ಪಿಸಿದರು. ಎಷ್ಟು ಮನೆ? ಹತ್ತು ಸಾವಿರ.

ಅಲ್ಲಿಗೆ ನಿಲ್ಲಲಿಲ್ಲ. ಅದೇ ಜನ, ಅದೇ ಕುಂಭಾರಿಯ ಬಳಿ, ರೇ ನಗರ ಎಂದು 30,000 ಮನೆಗಳ ಯೋಜನೆಗೆ ಕೈ ಹಾಕಿದರು. ಈ ಸಲ ಬೀಡಿಯವರ ಜೊತೆ ಮಗ್ಗದವರು, ಚಿಂದಿ ಆಯುವವರು, ಡ್ರೈವರುಗಳು, ಬೀದಿ ವ್ಯಾಪಾರದವರು ಸೇರಿದರು. 2019ರ ಜನವರಿಯಲ್ಲಿ ಶಂಕುಸ್ಥಾಪನೆ ಮಾಡಿದ ಪ್ರಧಾನಿ ನರೇಂದ್ರ ಮೋದಿಯವರೇ 2024ರ ಜನವರಿ 19ರಂದು ಬಂದು 15,000 ಮನೆಗಳ ಕೀಲಿ ಕೊಟ್ಟರು. ಕೆಂಬಾವುಟದ ಸಂಘಟನೆ, ಒಮ್ಮೆ ಕಾಂಗ್ರೆಸ್ ಪ್ರಧಾನಿ, ಇನ್ನೊಮ್ಮೆ ಬಿ.ಜೆ.ಪಿ. ಪ್ರಧಾನಿ. ಸಂಘ ಗಟ್ಟಿಯಿದ್ದರೆ ಯಾವ ಬಣ್ಣದ ಸರ್ಕಾರವೂ ಬಾಗಿಲಿಗೆ ಬರಲೇಬೇಕಾಗುತ್ತದೆ ಎಂಬುದನ್ನು ಮೈಸೂರಿನ ರಾಜಕಾರಣಿಗಳಿಗಿಂತ ಮೈಸೂರಿನ ದುಡಿಯುವವರು ಗಮನಿಸಬೇಕು.

ಸೊಲ್ಲಾಪುರದ ಸಂಘಕ್ಕೂ ಇಲ್ಲಿನ ಸಂಘಗಳಿಗೂ ಏನು ವ್ಯತ್ಯಾಸ? ಕಾಯ್ದೆ ಹೆಚ್ಚುಕಡಿಮೆ ಒಂದೇ ಜಾತಿಯದು. ಅಲ್ಲಿ ಸದಸ್ಯರೆಲ್ಲ ಮನೆ ಇಲ್ಲದವರು. ಇಲ್ಲಿ? ಸ್ವಂತ ಮನೆಯಲ್ಲಿ ಕೂತು, ಹೆಂಡತಿ ಹೆಸರಿನಲ್ಲೊಂದು ಭಾವಮೈದನ ಹೆಸರಿನಲ್ಲೊಂದು ಸದಸ್ಯತ್ವ ಬರೆಸಿದವರ ಕಥೆಗಳನ್ನು ಅಶೋಕ ರಸ್ತೆಯ ಯಾವ ಹೋಟೆಲಿನಲ್ಲಿ ಕೂತರೂ ಒಂದು ಕಾಫಿ ಮುಗಿಯುವುದರೊಳಗೆ ಕೇಳಬಹುದು. ಅಲ್ಲಿ ಸಂಘ ಮನೆಯನ್ನೇ ಕಟ್ಟಿಸಿತು. ಹತ್ತು ಸಾವಿರ ಮನೆಗೆ ಒಟ್ಟಿಗೆ ಸಿಮೆಂಟು, ಕಬ್ಬಿಣ ಕೊಂಡರೆ ಬೀಳುವ ದರವೇ ಬೇರೆ, ಒಬ್ಬೊಬ್ಬನೇ ಹೋಗಿ ಹತ್ತು ಮೂಟೆ ತಂದರೆ ಬೀಳುವ ದರವೇ ಬೇರೆ. ಇದನ್ನು ಅಂಗಡಿಯವರಿಗೆ ಬಿಡಿಸಿ ಹೇಳಬೇಕೆ? ಸಗಟು, ಚಿಲ್ಲರೆಯ ವ್ಯತ್ಯಾಸ ಮನೆ ಕಟ್ಟುವುದಕ್ಕೂ ಉಂಟು.

ಅಮೆರಿಕೆಯಲ್ಲೂ ಈ ಬುದ್ಧಿಯ ಒಂದು ಸಂಸ್ಥೆ ಇದೆ. ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಎಂದು ಹೆಸರು, 1976ರಲ್ಲಿ ಜಾರ್ಜಿಯಾ ರಾಜ್ಯದ ಸಣ್ಣ ಊರೊಂದರಲ್ಲಿ ಶುರುವಾಗಿ 1983ರಲ್ಲಿ ಭಾರತಕ್ಕೂ ಬಂತು. ಮನೆ ಬೇಕಾದವನು ಮುಂಗಡದ ಬದಲು ಮೈ ಬಗ್ಗಿಸಿ ದುಡಿಯಬೇಕು, ತನ್ನ ಮನೆಗೂ ಕಲ್ಲು ಹೊರಬೇಕು, ಪಕ್ಕದವನ ಮನೆಗೂ ಹೊರಬೇಕು ಎಂಬುದು ಅದರ ಕಟ್ಟಳೆ. ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 2006ರಲ್ಲಿ ಲೋನಾವಳಾ ಬಳಿ ಬಂದು ಬಡವರ ಮನೆಗಳಿಗೆ ಕರಣೆ ಹಿಡಿದಿದ್ದರು. ನಮ್ಮಲ್ಲಿ ಮಾಜಿ ಕಾರ್ಪೊರೇಟರು ಕೂಡ ಗುದ್ದಲಿ ಹಿಡಿಯುವುದು ಫೋಟೋದವನು ಬಂದ ಮೇಲೆ.

ದಾನದಲ್ಲಿ ಬಂದ ಮನೆಗೂ ತನ್ನ ಕಂತಿನಲ್ಲಿ ಬಂದ ಮನೆಗೂ ವ್ಯತ್ಯಾಸ ಉಂಟು. ಪುಗಸಟ್ಟೆ ಮನೆ ಎಂದು ಹೇಳಿದ ಕಡೆಯೆಲ್ಲ ಪಟ್ಟಿ ತಯಾರಿಸುವವನೇ ಧಣಿಯಾಗುತ್ತಾನೆ. ಅವನ ಮನೆ ಬಾಗಿಲು ಕಾಯಬೇಕು, ಎಲೆಕ್ಷನ್ನಿನಲ್ಲಿ ಅವನು ಹೇಳಿದ ಕಡೆ ಒತ್ತಬೇಕು. ತಾನೇ 20,000 ಕೂಡಿಸಿ ಕಟ್ಟಿದ ಹೆಂಗಸು ಯಾರ ಮುಂದೆಯೂ ಸೆರಗೊಡ್ಡಬೇಕಾಗಿಲ್ಲ. ಆದ್ದರಿಂದ ಮೈಸೂರಿನಲ್ಲಿ ಸೂರಿಲ್ಲದವರಿಗೆ ನೆರವಾಗುತ್ತೇವೆ ಎಂದು ಹೊರಡುವ ಸೇವಾ ಸಂಸ್ಥೆಗಳು, ರೋಟರಿಯಂಥ ಕ್ಲಬ್ಬುಗಳು, ವರ್ತಕರ ಸಂಘಗಳು ವರ್ಷಕ್ಕೆ ನಾಲ್ಕು ಮನೆ ದಾನ ಕೊಟ್ಟು ಹಾರ ಹಾಕಿಸಿಕೊಳ್ಳುವುದಕ್ಕಿಂತ, ದುಡಿಯುವವರಿಗೆ ಅವರದೇ ಸಂಘ ಕಟ್ಟಿಕೊಡುವುದು ಮೇಲು. ಉಪವಿಧಿ ಬರೆಯಲು ಒಬ್ಬ ವಕೀಲ, ಲೆಕ್ಕ ಬರೆಯಲು ಒಬ್ಬ ಆಡಿಟರು, ಜಮೀನಿನ ಮೂಲ ಪತ್ರ ನೋಡಲು ಒಬ್ಬ ನಿವೃತ್ತ ಶಿರಸ್ತೇದಾರ. ಈ ಊರಲ್ಲಿ ಮೂವರಿಗೂ ಬರವಿಲ್ಲ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಮಾಡುವವರಲ್ಲೇ ಬೇಕಾದಷ್ಟು ಜನ ಸಿಗುತ್ತಾರೆ.

ಅಂಗಡಿ ಧಣಿಗಳಿಂದಲೂ ಒಂದು ಉಪಕಾರ ಆಗಬೇಕು, ಅದಕ್ಕೆ ಕಾಸು ಖರ್ಚಿಲ್ಲ. ಗುಮಾಸ್ತನ ಸಂಬಳವನ್ನು ಬ್ಯಾಂಕಿನ ಖಾತೆಗೆ ಹಾಕಿ, ತಿಂಗಳಿಗೊಂದು ಚೀಟಿ ಬರೆದುಕೊಡುವುದು. ಪಿ.ಎಫ್., ಇ.ಎಸ್.ಐ. ಕೇಳಿಬಿಟ್ಟಾನು ಎಂಬ ಹೆದರಿಕೆಯಲ್ಲಿ ಆ ಚೀಟಿಯನ್ನು ಕೊಡದಿರುವವರೇ ಹೆಚ್ಚು. ಇಪ್ಪತ್ತು ವರ್ಷ ಗಲ್ಲಾದ ಬೀಗದ ಕೈ ಕೊಟ್ಟು ನಂಬಿದ ಮನುಷ್ಯನಿಗೆ ಒಂದು ಕಾಗದ ಕೊಡಲು ಹೆದರಿದರೆ ಹೇಗೆ?

ಪ್ರಾಧಿಕಾರದ ಕೈಯಲ್ಲೂ ಒಂದು ಕೆಲಸ ಇದೆ. ಹೊಸ ಲೇಔಟು ಮಾಡಿದಾಗಲೆಲ್ಲ ಒಂದು ಭಾಗವನ್ನು ಸೈಟು ಸೈಟಾಗಿ ಹರಾಜು ಹಾಕದೆ, ಮನೆ ಇಲ್ಲದವರ ಸಂಘಗಳಿಗೆ ಗುತ್ತಾಗಿ, ಕೊಂಡ ಬೆಲೆಗೆ ಕೊಡಬೇಕು. ಇಷ್ಟು ವರ್ಷದೊಳಗೆ ಮನೆ ಕಟ್ಟಬೇಕು, ಇಷ್ಟು ವರ್ಷ ಮಾರಕೂಡದು ಎಂಬ ಷರತ್ತು ಇರಲಿ. ಷರತ್ತು ಮುರಿದವನ ಸೈಟು ವಾಪಸು ಬಂದು ಪಟ್ಟಿಯ ಮುಂದಿನವನಿಗೆ ಹೋಗಲಿ. ಮೂಲೆ ಸೈಟುಗಳ ಹರಾಜಿನಿಂದ ಬರುವ ಹಣದ ಆಸೆಯಲ್ಲಿ ಇದಕ್ಕೆ ವಿರೋಧ ಬರುತ್ತದೆ, ಬರಲಿ. 1903ರ ಬೋರ್ಡು ಹುಟ್ಟಿದ್ದು ಹರಾಜಿಗಾಗಿ ಅಲ್ಲ, ಪ್ಲೇಗಿನಿಂದ ಪಾರಾಗುವುದಕ್ಕೆ.

ಹಳೆಯ ಸಂಘಗಳಲ್ಲಿ ಹಣ ಕಟ್ಟಿ ಕಾಯುತ್ತಿರುವವರು ಮಾತ್ರ ಹೊಸ ಸಂಘಕ್ಕಾಗಿ ಕಾಯುತ್ತ ಕೂರಬಾರದು. ಅವರ ಹಣ ಅಲ್ಲಿದೆ, ಹಕ್ಕೂ ಅಲ್ಲಿದೆ. ಸಹಕಾರ ಕಾಯ್ದೆಯ ಪ್ರಕಾರ ಪ್ರತಿ ವರ್ಷ ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆ ನಡೆಯಬೇಕು, ಆಡಿಟ್ ವರದಿ ಸದಸ್ಯರ ಮುಂದೆ ಬರಬೇಕು. ಆದರೆ ಸಭೆ ದಿನ ಬರುವವರು ಎಷ್ಟು ಜನ? ಉಪ್ಪಿಟ್ಟು ಕೇಸರಿಬಾತ್ ತಿಂದು, ಪುಸ್ತಕಕ್ಕೆ ಸಹಿ ಹಾಕಿ, "ಎಲ್ಲಾ ಅಂಗೀಕಾರ" ಎಂದು ಕೈ ಎತ್ತಿ ಬರುವವರೇ ಹೆಚ್ಚು. ಸತತವಾಗಿ ಸಭೆ ತಪ್ಪಿಸಿದವನ ಓಟಿನ ಹಕ್ಕಿಗೇ ಕುತ್ತು ಬರುತ್ತದೆ ಎಂಬುದು ಬಹಳ ಜನಕ್ಕೆ ಎಲೆಕ್ಷನ್ ದಿನವೇ ಗೊತ್ತಾಗುವುದು.

ಸಭೆಯಲ್ಲಿ ಎದ್ದು ನಿಂತು ಕೇಳಬೇಕಾದದ್ದು ಬಹಳ ಇಲ್ಲ. ಸಂಘ ಕೊಂಡ ಜಮೀನಿನ ಕ್ರಯಪತ್ರ ಯಾರ ಹೆಸರಿನಲ್ಲಿದೆ, ಸಂಘದ್ದೋ ಅಥವಾ ಡೆವಲಪರನದ್ದೋ? ಲೇಔಟ್ ನಕ್ಷೆಗೆ ಪ್ರಾಧಿಕಾರದ ಒಪ್ಪಿಗೆ ಯಾವ ತಾರೀಖಿನದು? ಸೀನಿಯಾರಿಟಿ ಪಟ್ಟಿ ಗೋಡೆಗೆ ಅಂಟಿಸಿದ್ದಾರೆಯೇ? ಉತ್ತರ ಬಾರದಿದ್ದರೆ ಜಿಲ್ಲೆಯ ಸಹಕಾರ ಸಂಘಗಳ ಉಪ ನಿಬಂಧಕರ ಕಚೇರಿ ಇದೆ. ಸಾಕಷ್ಟು ಸದಸ್ಯರು ಸಹಿ ಮಾಡಿ ಕೊಟ್ಟರೆ ಕಾಯ್ದೆಯ 64ನೇ ಕಲಮಿನಡಿ ವಿಚಾರಣೆಗೆ ದಾರಿಯುಂಟು. ಒಬ್ಬನೇ ಸದಸ್ಯನಿಗೆ ಅನ್ಯಾಯವಾಗಿದ್ದರೆ 70ನೇ ಕಲಮಿನಡಿ ದಾವೆ ಹೂಡಬಹುದು. ಕಟ್ಟಿದ ಹಣದ ರಸೀದಿ, ಸದಸ್ಯತ್ವದ ಷೇರು ಪತ್ರ, ಸಭೆಯ ನೋಟೀಸು, ಈ ಮೂರನ್ನು ಹಳೇ ಬೀರುವಿನಿಂದ ತೆಗೆದು ಇಟ್ಟುಕೊಂಡು ಹೋಗಬೇಕು. ನೋಟೀಸು ಬಂದೇ ಇಲ್ಲ ಎನ್ನುವವರು ಮೊದಲು ಸಂಘದ ಪುಸ್ತಕದಲ್ಲಿ ತಮ್ಮ ವಿಳಾಸ ಏನೆಂದು ಬರೆದಿದೆ ಎಂದು ನೋಡಿಕೊಳ್ಳಲಿ. ಬಾಡಿಗೆ ಮನೆಯವರ ವಿಳಾಸ ಹತ್ತು ವರ್ಷದಲ್ಲಿ ನಾಲ್ಕು ಸಲ ಬದಲಾಗಿರುತ್ತದೆ.